ಏಳರ ಅಳತೆ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಳತೆ ಅಕ್ಕ ಎಂದೇ ಕರೆಯುತ್ತಿದ್ದರು. ಬಟ್ಟೆಯ ಮೇಲೆ ಕತ್ತರಿ ಆಡುವ ಮೊದಲು ಅಂಗಿಯ ಮುಂಭಾಗ, ಹಿಂಭಾಗ, ತೋಳು, ಕಾಲರು ಎಲ್ಲವೂ ದಪ್ಪ ಕಾಗದದ ಮೇಲೆ ಗೆರೆಗಳಾಗಿ ಮೂಡಬೇಕು. ಆ ಕಾಗದಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ಅದನ್ನು ತೆಗೆಯುವುದು ಅವಳ ಕೆಲಸ. ಅವಳ ಗೆರೆ ಒಂದು ನೂಲಿನಷ್ಟು ಆಚೀಚೆಯಾದರೆ ಕೆಳಗಿನ ಸಾಲಿನಲ್ಲಿ ಸಾವಿರಾರು ಅಂಗಿಗಳು ಆಚೀಚೆಯಾಗುತ್ತಿದ್ದವು. ಹೀಗಾಗಿ ಅವಳಿಗೆ ಮಾತು ಕಡಿಮೆ, ಕಣ್ಣು ಚುರುಕು. ಊಟದ ಹೊತ್ತಿನಲ್ಲಿ ಹೆಂಗಸರು ಅವಳ ಎದುರು ಕೂರಲು ಹಿಂದೆಮುಂದೆ ನೋಡುತ್ತಿದ್ದರು. ಹೋದ ತಿಂಗಳಿಗಿಂತ ಸೊಂಟ ಅರ್ಧ ಇಂಚು ಏರಿದೆ ಎಂಬುದನ್ನು ಅವಳು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ, ನೋಟವೇ ಹೇಳಿಬಿಡುತ್ತಿತ್ತು.

ಮದುವೆಯಾದದ್ದು ಜೆರಾಕ್ಸ್ ಅಂಗಡಿಯವನನ್ನು. ಕಾರ್ಖಾನೆಯ ಪ್ರಿಂಟಿಂಗ್ ಯಂತ್ರ ಕೆಟ್ಟು ಕೂತಿದ್ದ ಒಂದು ದಿನ, ಮೇಜಿನಗಲದ ಪ್ಯಾಟರ್ನನ್ನು ಸುರುಳಿ ಸುತ್ತಿಕೊಂಡು ಪ್ರತಿ ತೆಗೆಸಲು ಅವನಲ್ಲಿಗೆ ಹೋಗಿದ್ದಳು. ಅವನ ಯಂತ್ರದ ಗಾಜು ಆ ಕಾಗದದ ಒಂದು ಮೂಲೆಗೂ ಸಾಲದು. ಬೇರೆ ಯಾರಾದರೂ ಆಗಿದ್ದರೆ ಕೈಯಾಡಿಸಿ ಕಳಿಸಿಬಿಡುತ್ತಿದ್ದರು. ಅವನು ತುಂಡು ತುಂಡಾಗಿ ಪ್ರತಿ ತೆಗೆದು, ಅಂಚಿಗೆ ಅಂಚು ಕೂಡಿಸಿ, ಟೇಪ್ ಅಂಟಿಸಿ, ನೆಲದ ಮೇಲೆ ಹಾಸಿ ತೋರಿಸಿದ. ಅವಳು ಮಂಡಿಯೂರಿ ಅಳೆದಳು. ಎಲ್ಲೂ ಒಂದು ನೂಲಿನ ವ್ಯತ್ಯಾಸವಿರಲಿಲ್ಲ. ಈ ಮನುಷ್ಯನನ್ನು ನಂಬಬಹುದು ಅನ್ನಿಸಿದ್ದು ಅಲ್ಲೇ ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ. ಹಾಸುವ ಮೊದಲು ನೆಲ ಒರೆಸಿದ್ದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ ನೋಡು ಎಂದು ಅವನು ಪ್ರತಿ ಸಲವೂ ದೂರುತ್ತಿದ್ದ.

ಅಂಗಡಿಯ ಮೇಲೆಯೇ ಮನೆ, ಎರಡು ಕೋಣೆ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಮಡಿಸುವ ಮೇಜು, ಒಂದು ಮಂಚ. ಮಂಚ ಅತ್ತೆಯದು, ಅಂದರೆ ಅವನ ತಾಯಿಯದು. ಅತ್ತೆಗೆ ಮಂಡಿನೋವು ಇತ್ತು, ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ. ಕೆಳಗಿನಿಂದ ಇಡೀ ದಿನ ಜೆರಾಕ್ಸ್ ಯಂತ್ರದ ಗುಂಯ್‌ಗುಟ್ಟುವಿಕೆ ನೆಲದ ಮೂಲಕ ಅಂಗಾಲಿಗೆ ಬರುತ್ತಿತ್ತು. ಆ ಸದ್ದು ನಿಂತರೆ ಅಂಗಡಿಯಲ್ಲಿ ಗಿರಾಕಿಯಿಲ್ಲ ಎಂದು ಮೇಲಿನವರಿಗೆ ತಿಳಿಯುತ್ತಿತ್ತು.

ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಆಸ್ಪತ್ರೆಯಿಂದ ತಂದಾಗ ಅತ್ತೆ ಬಟ್ಟೆ ಸರಿಸಿ ನೋಡಿ, "ಇದೇನೇ, ಚೋಟುದ್ದ ಇದ್ದಾಳೆ" ಎಂದರು. ಹೆಸರು ಬೇರೆ ಏನೇನೋ ಯೋಚಿಸಿದ್ದರೂ ಬಾಯಿಗೆ ಬಂದದ್ದು ಚೋಟಿ. ಅಂಗಡಿಗಳಲ್ಲಿ ಸಿಗುವ ಯಾವ ಅಂಗಿಯೂ ಅವಳಿಗೆ ಕೂರುತ್ತಿರಲಿಲ್ಲ. ಎಲ್ಲದರಲ್ಲೂ ಮುಳುಗಿಹೋಗುತ್ತಿದ್ದಳು. ತಾಯಿ ಕೆಲಸ ಬಿಟ್ಟು ಮನೆಯಲ್ಲಿದ್ದಳು, ತಾನೇ ಅಳೆದು, ಪ್ಯಾಟರ್ನ್ ತೆಗೆದು, ಹೊಲಿದಳು. ಮಗು ಬೆಳೆದಂತೆ ಪ್ರತಿ ಹುಟ್ಟುಹಬ್ಬದಂದು ಹೊಸದಾಗಿ ಅಳೆಯುವುದು ಅಭ್ಯಾಸವಾಯಿತು.

ಈ ಪ್ಯಾಟರ್ನ್‌ಗಳನ್ನು ಮಾರಬಹುದು ಎಂದು ಕಂಡುಹಿಡಿದವನು ಗಂಡ. ಅಂಗಡಿಗೆ ಬರುತ್ತಿದ್ದ ಒಬ್ಬ ಗಿರಾಕಿ ಮದುವೆ ಕಾಗದದ ವಿನ್ಯಾಸಗಳನ್ನು ಇಂಟರ್‌ನೆಟ್‌ನಲ್ಲಿ ಮಾರುತ್ತಿದ್ದನಂತೆ. ಕಾಗದವನ್ನಲ್ಲ, ಬರೀ ಫೈಲನ್ನು. ಕೊಂಡವರು ಡೌನ್‌ಲೋಡ್ ಮಾಡಿಕೊಂಡು ತಾವೇ ಪ್ರಿಂಟ್ ಹಾಕಿಕೊಳ್ಳುತ್ತಾರೆ. ಸರಕು ಮುಗಿಯುವುದಿಲ್ಲ, ಕೆಡುವುದಿಲ್ಲ, ಕಟ್ಟಿ ಕಳಿಸುವ ಗೋಜಿಲ್ಲ. ಅದೇ ಹಳೆಯ ಉಪಾಯ, ದೊಡ್ಡ ಕಾಗದವನ್ನು ತುಂಡು ಮಾಡುವುದು. ಅವಳ ಪ್ಯಾಟರ್ನನ್ನು ಸ್ಕ್ಯಾನ್ ಮಾಡಿ, ಮನೆಯ ಸಣ್ಣ ಪ್ರಿಂಟರಿಗೆ ಹೊಂದುವ ಪುಟಗಳಾಗಿ ಒಡೆದರೆ, ಕೊಂಡವರು ಅಂಚಿಗೆ ಅಂಚು ಅಂಟಿಸಿಕೊಳ್ಳುತ್ತಾರೆ.

"ಒಂದ್ಸಲ ಕಷ್ಟಪಟ್ಟು ಮಾಡಿಟ್ರೆ ಮುಗೀತು" ಎಂದ ಅವನು. "ಆಮೇಲೆ ನಾವು ಮಲಗಿದ್ರೂ ಅದು ದುಡೀತಾನೇ ಇರುತ್ತೆ."

ಅತ್ತೆ ಮಂಚದಿಂದಲೇ ಹೇಳಿದರು, "ಮಲಗಿದ್ರೆ ದುಡ್ಡು ಬರೋ ಹಾಗಿದ್ರೆ ನಿಮ್ಮಪ್ಪ ಅರಮನೆ ಕಟ್ಟಿಸಿಟ್ಟು ಹೋಗಿರ್ತಿದ್ರು."

ಅವನು ಕಲಿತವನಲ್ಲ, ಆದರೆ ಪ್ರಿಂಟರುಗಳ ಗುಣ ಬಲ್ಲವನು. ಕೆಲವು ಯಂತ್ರಗಳು ಹೇಳದೆ ಕೇಳದೆ ಪುಟವನ್ನು ತುಸು ಕುಗ್ಗಿಸಿಬಿಡುತ್ತವೆ. ಅದಕ್ಕೇ ಪ್ರತಿ ಫೈಲಿನ ಮೊದಲ ಪುಟದಲ್ಲಿ ಎರಡಿಂಚಿನ ಒಂದು ಚೌಕ ಹಾಕಿದ. ಮೊದಲು ಆ ಪುಟವೊಂದನ್ನೇ ಪ್ರಿಂಟ್ ತೆಗೆದು ಚೌಕವನ್ನು ಸ್ಕೇಲಿನಿಂದ ಅಳೆಯಿರಿ, ಎರಡಿಂಚು ಇಲ್ಲದಿದ್ದರೆ ಬರುವ ತನಕ ಯಂತ್ರದ ಸೆಟ್ಟಿಂಗ್ ಬದಲಿಸಿ, ಆಮೇಲೆ ಉಳಿದ ಪುಟ ತೆಗೆಯಿರಿ ಎಂದು ಕೆಳಗೆ ಬರೆದ. ಚೌಕ ಸರಿಯಿದ್ದರೆ ಎಲ್ಲವೂ ಸರಿ.

ಅವಳದೂ ಒಂದು ಹಟವಿತ್ತು. ಕಾರ್ಖಾನೆಯಲ್ಲಿ ಮಕ್ಕಳ ಬಟ್ಟೆಗೆ ಒಂದು ನಡುವಿನ ಸೈಜು ತೆಗೆದು, ಅದಕ್ಕೆ ಇಷ್ಟಿಷ್ಟು ಕೂಡಿಸುತ್ತ ದೊಡ್ಡದು, ಕಳೆಯುತ್ತ ಚಿಕ್ಕದು ಮಾಡುತ್ತಾರೆ. ಬೇಗ ಮುಗಿಯುತ್ತದೆ. ಅವಳು ಹಾಗೆ ಮಾಡಲಿಲ್ಲ. ಒಂದು ವರ್ಷದ ಸೈಜು ಎಂದರೆ ಒಂದು ವರ್ಷದ ಚೋಟಿ, ಎರಡರದು ಎರಡು ವರ್ಷದ ಚೋಟಿ. ಹೊಲಿದು, ತೊಡಿಸಿ, ಓಡಾಡಿಸಿ, ಎಲ್ಲಿ ಎಳೆಯುತ್ತದೆ ಎಲ್ಲಿ ಜೋಲುತ್ತದೆ ನೋಡಿ, ತಿದ್ದಿದ ಮೇಲೆಯೇ ಅದು ಕೆಳಗಿನ ಸ್ಕ್ಯಾನರಿಗೆ ಹೋಗುತ್ತಿತ್ತು. ವರ್ಷಕ್ಕೊಂದೇ ಸೈಜು ಸಿಗುತ್ತದೆ, ವ್ಯಾಪಾರ ಆಮೆಯ ಹಾಗೆ ಸಾಗುತ್ತದೆ ಎಂದು ಗಂಡ ಗೊಣಗಿದರೆ, ಮಗು ಅದಕ್ಕಿಂತ ಬೇಗ ಬೆಳೆಯುವುದಿಲ್ಲವಲ್ಲ ಎನ್ನುತ್ತಿದ್ದಳು. ಕೊಂಡವರು ಮಾತ್ರ ಬರೆಯುತ್ತಿದ್ದರು: ನಮ್ಮ ಮಗುವನ್ನೇ ನಿಲ್ಲಿಸಿ ಅಳೆದ ಹಾಗಿದೆ.

ಚೋಟಿಗೆ ತನ್ನ ಈ ಕೆಲಸದ ಬಗ್ಗೆ ತುಂಬ ಗೌರವ. ಮಾತು ಬಂದ ಮೇಲೆ ಸಂಜೆ ಅಪ್ಪ ಮೆಟ್ಟಿಲು ಹತ್ತಿ ಬಂದರೆ ಮೊದಲ ಪ್ರಶ್ನೆ, "ಇವತ್ತು ನಾನು ಎಷ್ಟು ಜನರ ಮನೆಗೆ ಹೋದೆ?" ಅವನು ಹೇಳುತ್ತಿದ್ದ. ಅಜ್ಜಿ ಅಲ್ಲೇ ಕೂತು, ಊರೆಲ್ಲ ಸುತ್ತಿ ಬಂದಿದ್ದೀಯ, ಕಾಲು ತೊಳೆದುಕೊಂಡು ಬಾ ಎನ್ನುತ್ತಿದ್ದರು.

ಒಂದೇ ಒಂದು ತಕರಾರು ಅವಳದು. ಇಂಟರ್‌ನೆಟ್‌ನ ಅಂಗಡಿಯ ಪುಟಕ್ಕೆ ಹಾಕಲು ಫೋಟೋ ತೆಗೆಯುವಾಗ ಅಮ್ಮ ಕುತ್ತಿಗೆಯವರೆಗೆ ಮಾತ್ರ ತೆಗೆಯುತ್ತಿದ್ದಳು. ಮಗುವಿನ ಮುಖ ಕಂಡ ಕಂಡವರ ಕೈಗೆ ಹೋಗಬಾರದು.

"ತಲೆನೇ ಇಲ್ದಿದ್ರೆ ನಾನು ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗ್ಬಾರ್ದು ಅಂತಾನೇ."

ಚೋಟಿ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ನಿಂತು, ಆಮೇಲೆ ಒಳಗೆ ಹೋಗಿ ಹೊಸ ಕಾಲುಚೀಲ ಹಾಕಿಕೊಂಡು ಬಂದಳು. "ಕಾಲಾದ್ರೂ ಚೆನ್ನಾಗಿ ತೆಗಿ" ಎಂದಳು.

ಆರರ ಪ್ಯಾಟರ್ನ್‌ನಲ್ಲಿ ಒಂದು ಗುಟ್ಟಿತ್ತು. ಚೋಟಿಗೆ ಪುಟ್ಟ ಹೊಟ್ಟೆ, ಮುಂದಕ್ಕೆ ಬಂದದ್ದು. ಸಮವಾಗಿ ಕತ್ತರಿಸಿದ ಫ್ರಾಕು ಆ ಹೊಟ್ಟೆಯ ಮೇಲೆ ಹತ್ತಿ ಮುಂದೆ ಗಿಡ್ಡವಾಗಿ ಕಾಣುತ್ತಿತ್ತು. ತಾಯಿ ಮುಂಭಾಗದ ಕೆಳ ಅಂಚನ್ನು ನಡುವಿನಲ್ಲಿ ಅರ್ಧ ಇಂಚು ಇಳಿಸಿದಳು, ಕಣ್ಣಿಗೆ ಕಾಣದ ಹಾಗೆ. ಆ ಫ್ರಾಕು ಬೇರೆಲ್ಲಕ್ಕಿಂತ ಹೆಚ್ಚು ಹೋಯಿತು. ಆ ವಯಸ್ಸಿನ ಎಲ್ಲ ಮಕ್ಕಳಿಗೂ ಹೊಟ್ಟೆ ಇರುತ್ತದೆ, ಯಾರೂ ಅದಕ್ಕೆ ಜಾಗ ಬಿಟ್ಟಿರುವುದಿಲ್ಲ.

ಆರು ತುಂಬಿ ಕೆಲವು ತಿಂಗಳಿಗೆ ಚೋಟಿಗೆ ಜ್ವರ ಬಂತು. ಸಾಮಾನ್ಯ ಜ್ವರ ಎಂದುಕೊಂಡದ್ದು ಮೆದುಳಿಗೆ ಏರಿತು. ಆಸ್ಪತ್ರೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಮಗು ಉಳಿಯಲಿಲ್ಲ.

ಮನೆಗೆ ಬಂದ ಮೇಲೂ ಗಂಡನ ಮೊಬೈಲು ಆಗಾಗ ಟಿಂಗ್ ಎನ್ನುತ್ತಿತ್ತು. ಒಂದೊಂದು ಫೈಲು ಮಾರಾಟವಾದಾಗಲೂ ಬರುವ ಸದ್ದು ಅದು. ಚೋಟಿ ಇದ್ದಾಗ ಆ ಸದ್ದು ಕೇಳಿದರೆ, ಹೊರಟೆ, ಎಂದು ಕೂಗುತ್ತಿದ್ದಳು. ಅವನು ಸದ್ದನ್ನು ತೆಗೆದುಹಾಕಿದ. ಆದರೂ ಬರಬೇಕಾದ್ದು ಬರುತ್ತಲೇ ಇತ್ತು. ಅವನು ಅಂಗಡಿ ತೆಗೆಯದ ವಾರಗಳಲ್ಲಿ, ಅವಳು ಯಂತ್ರದ ಮೇಲಿನ ಹೊದಿಕೆ ಎತ್ತದ ತಿಂಗಳುಗಳಲ್ಲಿ, ಬಾಡಿಗೆಯೂ ಅತ್ತೆಯ ಮಾತ್ರೆಗಳೂ ಅದರಿಂದಲೇ ನಡೆದವು. ಕೂತಲ್ಲಿಗೇ ಬರುವ ವರಮಾನ ಎಂದು ಗಂಡ ಹೇಳಿದ್ದು ಸುಳ್ಳಾಗಲಿಲ್ಲ. ದುಡಿಯುತ್ತಿರುವವಳು ಯಾರು ಎಂದು ಮಾತ್ರ ಅವಳಿಗೆ ಗೊತ್ತಿತ್ತು. ಕೆಲವೊಮ್ಮೆ ಊಟದ ತಟ್ಟೆಯನ್ನು ಹಾಗೇ ಮುಚ್ಚಿಟ್ಟು ಏಳುತ್ತಿದ್ದಳು.

ಇಂಟರ್‌ನೆಟ್‌ನ ಅಂಗಡಿ ಮುಚ್ಚಿಬಿಡೋಣವೇ ಎಂದು ಗಂಡ ಒಮ್ಮೆ ಕೇಳಿದ. ಅವಳು ಬೇಡವೆಂದಳು. ಮುಚ್ಚಿದರೆ ಆ ಅಳತೆಗಳೂ ಹೋಗುತ್ತವೆ. ಎಲ್ಲೋ ಯಾವುದೋ ಮನೆಯಲ್ಲಿ, ಮೂರು ವರ್ಷದ ಚೋಟಿಯ ಭುಜಕ್ಕೆ ಸರಿಯಾದ ಅಂಗಿ ತೊಟ್ಟು ಒಂದು ಮಗು ಓಡಾಡುತ್ತಿದೆ ಎಂಬುದು ಅವಳಿಗೆ ಬೇಕಾಗಿತ್ತು. ಬೇಡವಾದದ್ದು ಒಂದೇ, ಆರರಿಂದ ಆಚೆ ಹೋಗುವುದು.

ಕೇಳಿದವರು ಹಲವರು. ಮುಖ್ಯವಾಗಿ ಕೇಳಿದವಳು ಒಬ್ಬ ನರ್ಸು. ದೂರದ ಯಾವುದೋ ಊರಿನವಳು, ಇವರು ಅವಳ ಮುಖ ನೋಡಿದ್ದಿಲ್ಲ. ಎರಡರ ಸೈಜಿನಿಂದ ಹಿಡಿದು ಒಂದೂ ಬಿಡದೆ ಕೊಂಡವಳು. ಡ್ಯೂಟಿ ಮುಗಿಸಿ ಬಂದು ಹೊಲಿದೆ, ಮಗಳು ಬಿಚ್ಚುವುದೇ ಇಲ್ಲ ಎನ್ನುತ್ತಾಳೆ ಎಂದೆಲ್ಲ ಬರೆಯುತ್ತಿದ್ದಳು. ಫೋಟೋದಲ್ಲಿರುವ ಮಗು ನಿಮ್ಮದೇ ಏನು ಎಂದು ಹಿಂದೊಮ್ಮೆ ಕೇಳಿದ್ದಳು, ಹೌದು ಎಂದು ಇವಳು ಉತ್ತರಿಸಿದ್ದಳು. ಈಗ ಅವಳ ಮಗಳಿಗೆ ಏಳು ತುಂಬುತ್ತ ಬಂದಿತ್ತು. ಏಳರ ಸೈಜು ಯಾವಾಗ ಬರುತ್ತದೆ ಮೇಡಂ ಎಂದು ಕೇಳಿದಳು. ಉತ್ತರ ಬರದಿದ್ದಾಗ ಮತ್ತೆ ಕೇಳಿದಳು.

ಗಂಡ ಮೊಬೈಲನ್ನು ಅವಳ ಮುಂದಿಟ್ಟ.

"ಏನಂತ ಬರೀಲಿ?"

"ಇಲ್ಲ ಅಂತ ಬರೀರಿ."

"ಸದ್ಯಕ್ಕಿಲ್ಲ ಅಂತಲಾ?"

"ಇಲ್ಲ ಅಂತ. ಆರಕ್ಕೇ ಮುಗೀತು ಅಂತ."

ಅವನು ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ ಎಂದು ಅವಳಿಗೆ ಆಮೇಲೆ ತಿಳಿಯಿತು. ಅತ್ತೆ ಆ ದಿನ ಒಂದು ಮಾತೂ ಆಡಲಿಲ್ಲ. ಅವರು ಮಾತಾಡದಿದ್ದಾಗ ಮನೆ ಇನ್ನೂ ಖಾಲಿ ಅನ್ನಿಸುತ್ತಿತ್ತು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಗಂಡ ಊಟಕ್ಕೆ ಬಂದವನು ಮೊಬೈಲನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಕೈ ತೊಳೆಯಲು ಹೋಗಿದ್ದ. ಪರದೆ ಬೆಳಗಿತು. ನರ್ಸಿನ ಸಂದೇಶ. ಓದಬೇಕೆಂದು ಓದಿದ್ದಲ್ಲ, ಕಣ್ಣಿಗೆ ಬಿತ್ತು.

'ಮೇಡಂ, ಏಳರ ಸೈಜಿನಲ್ಲಿ ಏನೋ ತೊಂದರೆ ಇದೆ. ಚೌಕ ಅಳೆದರೆ ಎರಡಿಂಚಿಗಿಂತ ದೊಡ್ಡದು ಬರುತ್ತಿದೆ. ನೀವು ಹೇಳಿದ ಹಾಗೆ ಚೌಕ ಎರಡಿಂಚು ಬರುವಂತೆ ಸರಿಮಾಡಿ ತೆಗೆದು ಹೊಲಿದೆ. ಹೋದ ವರ್ಷದ ಫ್ರಾಕಿನ ಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ. ನನ್ನದೇ ತಪ್ಪು ಎಂದು ಮತ್ತೆ ತೆಗೆದೆ. ಸರಿಮಾಡದಿದ್ದರೆ ಕುತ್ತಿಗೆ ಅಗಲವಾಗಿ ಭುಜದಿಂದ ಜಾರುತ್ತದೆ. ಸರಿಮಾಡಿದರೆ ಆರೇ ಬರುತ್ತದೆ. ಎಷ್ಟು ಸಲ ತೆಗೆದರೂ ಆರೇ ಬರುತ್ತಿದೆ.'

ಅವಳು ನಿಂತೇ ಇದ್ದಳು. ಏಳರ ಸೈಜು ಎಂಬುದು ತನಗೆ ತಿಳಿಯದೆ ಅಂಗಡಿಗೆ ಬಂದಿದೆ ಎಂಬುದು ಎರಡನೆಯ ಯೋಚನೆಯಾಗಿ ಬಂತು. ಮೊದಲು ಬಂದದ್ದು ಪ್ಯಾಟರ್ನ್ ತೆಗೆಯುವವಳ ಯೋಚನೆ, ಚೌಕ ಹೇಗೆ ದೊಡ್ಡದಾಯಿತು. ಚೌಕ ದೊಡ್ಡದಾಗಬೇಕಾದರೆ ಯಾರೋ ಪುಟವನ್ನೇ ಹಿಗ್ಗಿಸಿರಬೇಕು. ಇಡೀ ಆರನ್ನು, ಚೌಕದ ಸಮೇತ. ಹಾಗೆ ಹಿಗ್ಗಿಸಿದ್ದನ್ನು ಚೌಕ ನೋಡಿ ಸರಿಪಡಿಸಿದರೆ ಅದು ಮತ್ತೆ ಆರಾಗದೆ ಇನ್ನೇನಾಗುತ್ತದೆ? ದಿನವಿಡೀ ಗುರುತಿನ ಚೀಟಿಗಳನ್ನು, ಅಂಕಪಟ್ಟಿಗಳನ್ನು ಹಿಗ್ಗಿಸಿ ಕುಗ್ಗಿಸಿ ಕೊಡುವವನು ಮಾತ್ರ ಮಾಡುವ ಕೆಲಸ ಅದು.

ಗಂಡ ಕೈ ಒರೆಸಿಕೊಳ್ಳುತ್ತ ಬಂದ. ಅವಳ ಕೈಯಲ್ಲಿ ಮೊಬೈಲು ನೋಡಿ ಅಲ್ಲೇ ನಿಂತ.

"ಎಷ್ಟು ಒತ್ತಿದ್ರಿ?" ಎಂದು ಕೇಳಿದಳು.

"ನೂರಾ ಆರು."

"ನೂರಾ ಆರು ಯಾಕೆ?"

ಆರಕ್ಕಿಂತ ಏಳರ ಮಕ್ಕಳು ನೂರಕ್ಕೆ ಐದು ಪಾಲು ಎತ್ತರವಂತೆ, ಎಲ್ಲೋ ಓದಿದ್ದನಂತೆ. ಒಂದು ಪಾಲು ಹೆಚ್ಚೇ ಇರಲಿ ಎಂದು ಒತ್ತಿದನಂತೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಟ್ಟಿಗೆ. ಚೌಕದ ನೆನಪೇ ಆಗಲಿಲ್ಲ ಎಂದ. ಆ ಚೌಕವನ್ನು ಹಾಕಿದವನೇ ಅವನು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಚೋಟಿಯ ಕುತ್ತಿಗೆ, ಚೋಟಿಯ ಕಂಕುಳು, ಚೋಟಿಯ ಭುಜ ಎಲ್ಲವನ್ನೂ ಒಂದು ಗುಂಡಿ ಒತ್ತಿ ಉಬ್ಬಿಸಿ ಕೊಂಡವರಿಗೆ ಕಳಿಸಿದ್ದಾನೆ. "ಮಕ್ಕಳು ಬಲೂನಲ್ಲ ರೀ" ಎಂದಳು. "ಬೆಳೆಯೋದು ಅಂದ್ರೆ ಎಲ್ಲ ಕಡೆ ಒಂದೇ ಸಮ ಊದೋದಾ? ನನ್ನ ಹತ್ರ ಇಷ್ಟು ವರ್ಷ ಇದ್ದು ಇದೇನಾ ನೀವು ನೋಡಿದ್ದು? ನಾನು ಬೇಡ ಅಂದಿದ್ದೆ. ವ್ಯಾಪಾರ ನಿಂತು ಹೋಗುತ್ತೆ ಅಂತ ಅಷ್ಟು ಭಯ ಆಯ್ತಾ?"

"ವ್ಯಾಪಾರಕ್ಕಲ್ಲ" ಎಂದ ಅವನು.

"ಮತ್ತೆ?"

ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಮಂಚದ ಮೇಲೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು, ನಿದ್ದೆ ಬಂದಿರಲಿಲ್ಲ.

"ಪ್ರಿಂಟ್ ತೆಗೆದು, ಅಂಟಿಸಿ, ಅಂಗಡಿ ನೆಲದ ಮೇಲೆ ಹಾಸಿದೆ" ಎಂದ ಕೊನೆಗೆ. "ಈಗ ಇದ್ದಿದ್ರೆ ಎಷ್ಟಿರ್ತಿದ್ಳು ಅಂತ ನೋಡ್ಬೇಕು ಅನ್ನಿಸ್ತು. ನನಗೆ ಗೊತ್ತಿರೋ ದಾರಿ ಅದೊಂದೇ. ಹಾಸಿ ನೋಡಿದ ಮೇಲೆ ಹರಿದು ಬಿಸಾಡೋಕೆ ಆಗ್ಲಿಲ್ಲ. ಅದಕ್ಕೇ ಇಂಟರ್‌ನೆಟ್‌ಗೆ ಹಾಕಿಬಿಟ್ಟೆ."

ಅವಳು ಮೊಬೈಲನ್ನು ಕಟ್ಟೆಯ ಮೇಲಿಟ್ಟಳು. ಈ ಮನುಷ್ಯ ಒಬ್ಬನೇ, ಶಟರ್ ಅರ್ಧ ಎಳೆದುಕೊಂಡು, ಆ ನೆಲದ ಮೇಲೆ ಕಾಗದ ಹಾಸಿ ಕೂತದ್ದು ಅವಳ ಕಣ್ಣಿಗೆ ಕಟ್ಟಿತು. ಇಷ್ಟು ದಿನ ಏಳು ಎಂಬ ಮಾತನ್ನು ಈ ಮನೆಯಲ್ಲಿ ತಾನೊಬ್ಬಳೇ ಹೊತ್ತು ತಿರುಗುತ್ತಿದ್ದೇನೆ ಎಂದುಕೊಂಡಿದ್ದಳು. ಇನ್ನೂ ಒಂದು ವಿಷಯ ಅವಳಿಗೆ ಚುಚ್ಚಿತು. ಅವನು ನೋಡಿದ್ದು ತಪ್ಪು ಅಳತೆಯನ್ನು. ಅಷ್ಟು ಅಗಲದ ಭುಜದ, ಅಷ್ಟು ದಪ್ಪ ಕುತ್ತಿಗೆಯ ಮಗುವೊಂದು ಅವರ ಮನೆಯಲ್ಲಿ ಎಂದೂ ಬೆಳೆಯುತ್ತಿರಲಿಲ್ಲ. ಮಗಳನ್ನು ನೋಡಬೇಕೆಂದು ಕೂತವನಿಗೆ ಕಂಡದ್ದು ಯಾರೋ.

ಫೈಲನ್ನು ಮೊದಲು ಅಂಗಡಿಯಿಂದ ತೆಗೆಯಿರಿ ಎಂದಳು. ಅವನು ಅಲ್ಲೇ ನಿಂತು ತೆಗೆದ. ಕೊಂಡವರಿಗೆಲ್ಲ ತಪ್ಪಾಗಿದೆ, ಸರಿಯಾದದ್ದನ್ನು ಕಳಿಸುತ್ತೇವೆ ಎಂದು ಬರೆಯಿರಿ ಎಂದಳು. ಅವನು ಬರೆಯಲು ಹೊರಟು, ತಲೆಯೆತ್ತಿ ಅವಳ ಮುಖ ನೋಡಿದ. ಸರಿಯಾದದ್ದು ಎಂದರೆ ಯಾರೋ ತೆಗೆಯಬೇಕು.

ರಜಾದಿನ, ಅಂಗಡಿ ಮುಚ್ಚಿತ್ತು, ಕೆಳಗಿನ ಗುಂಯ್ ಎಂಬ ಸದ್ದಿರಲಿಲ್ಲ. ಅವಳು ಮಡಿಸುವ ಮೇಜನ್ನು ಬಿಡಿಸಿ, ಆರರ ಪ್ಯಾಟರ್ನ್ ಹಾಸಿ, ಮೇಲೆ ಹೊಸ ತೆಳು ಕಾಗದ ಹರಡಿದಳು. ಗಂಡ ಕಾಗದ ಸುರುಳಿಯಾಗದಂತೆ ಎದುರಿನ ಅಂಚು ಹಿಡಿದು ನಿಂತ. ಅವಳು ಪೆನ್ಸಿಲ್ ಹಿಡಿದು ಸುಮಾರು ಹೊತ್ತು ಏನೂ ಮಾಡಲಿಲ್ಲ. ಅಳೆಯಲು ಎದುರಿಗೆ ಯಾರೂ ಇರಲಿಲ್ಲ. ಕಾರ್ಖಾನೆಯಲ್ಲಿ ಕಲಿತದ್ದನ್ನೆಲ್ಲ, ನೂರಾರು ಮಕ್ಕಳ ಬಟ್ಟೆ ನೋಡಿ ತಿಳಿದದ್ದನ್ನೆಲ್ಲ ಮನಸ್ಸಿಗೆ ತಂದುಕೊಂಡು ಕುತ್ತಿಗೆಯಿಂದ ಶುರುಮಾಡಿದಳು.

"ಕುತ್ತಿಗೆ ಎಷ್ಟು?" ಎಂದ ಅವನು.

"ಕುತ್ತಿಗೆ ಬೆಳೆಯೋದೇ ಇಲ್ಲ ಅನ್ನಬೇಕು. ಒಂದು ನೂಲು. ತಲೆ ಆಗಲೇ ಬೆಳೆದು ಮುಗಿದಿರುತ್ತೆ."

"ಭುಜ?"

"ಸ್ವಲ್ಪ. ಎದೆ ಸ್ವಲ್ಪ. ಬೆಳೆಯೋದೆಲ್ಲ ಕಾಲಲ್ಲಿ. ಈ ವಯಸ್ಸಲ್ಲಿ ಮಕ್ಕಳು ಕಾಲಲ್ಲೇ ಬೆಳೀತಾರೆ. ಕೊಕ್ಕರೆ ಥರ ಆಗ್ತಾರೆ."

ಅವನು ಸಣ್ಣಗೆ ನಕ್ಕ. ಅವಳು ಸೊಂಟದ ಗೆರೆಯನ್ನು ಕೆಳಗಿಳಿಸಿದಳು, ಉದ್ದವನ್ನು ಇನ್ನೂ ಕೆಳಗಿಳಿಸಿದಳು. ಪೆನ್ಸಿಲು ಮುಂಭಾಗದ ಕೆಳ ಅಂಚಿಗೆ ಬಂದಾಗ ನಿಂತಿತು. ಕೆಳಗಿನ ಕಾಗದದಲ್ಲಿ, ಆರರಲ್ಲಿ, ನಡುವೆ ಇಳಿಸಿದ ಆ ಅರ್ಧ ಇಂಚು ಕಾಣುತ್ತಿತ್ತು.

"ಇಲ್ಲಿ ಇನ್ನು ನೇರ" ಎಂದಳು. "ಏಳಕ್ಕೆ ಹೊಟ್ಟೆ ಒಳಗೆ ಹೋಗುತ್ತೆ."

ಅವನು ಆ ಗೆರೆಯನ್ನೇ ನೋಡುತ್ತಿದ್ದ. "ಅವಳದೂ ಹೋಗ್ತಿತ್ತಾ?"

"ಹೋಗ್ತಿತ್ತು. ಎಲ್ಲರದೂ ಹೋಗುತ್ತೆ."

ಸ್ಕೇಲು ಇಟ್ಟು ನೇರ ಗೆರೆ ಎಳೆದಳು. ಅವನ ಕೈ ಕಾಗದದ ಅಂಚಿನಿಂದ ಸರಿಯಿತು, ಕಾಗದ ಸುರುಳಿಯಾಗಿ ಅವಳ ಕೈಯವರೆಗೆ ಬಂತು. ಅವನು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವಳು ಒಂದು ಕತ್ತರಿಯನ್ನು ಅಂಚಿನ ಮೇಲೆ ಭಾರಕ್ಕಿಟ್ಟು ಕೆಲಸ ಮುಂದುವರಿಸಿದಳು.

ಕೋರಾ ಬಟ್ಟೆಯಲ್ಲಿ ಹೊಲಿದು ನೋಡುವುದು ರೂಢಿ. ಹೊಲಿದಳು. ತೊಡಿಸಿ ನೋಡಲು ಯಾರೂ ಇಲ್ಲದ್ದರಿಂದ ಹ್ಯಾಂಗರಿಗೆ ಹಾಕಿ ಬಾಗಿಲಿನ ಮೊಳೆಗೆ ತೂಗುಹಾಕಿದಳು. ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಬಂದು ಅದರ ಪಕ್ಕ ನಿಂತರು. ಫ್ರಾಕಿನ ಭುಜ ಎಲ್ಲಿಗೆ ಬರುತ್ತದೆ ಎಂದು ತಮ್ಮ ಮೈಗೆ ಹಿಡಿದು ನೋಡಿಕೊಂಡರು.

"ನನ್ನ ಎದೆಗೆ ಬಂದಿರ್ತಿದ್ಳು" ಎಂದರು. ಆಮೇಲೆ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದರು.

ತೊಡಿಸಿ ನೋಡದ ಪ್ಯಾಟರ್ನನ್ನು ಮಾರುವುದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಗಂಡ ಸ್ಕ್ಯಾನ್ ಮಾಡಿ ಪುಟಗಳಾಗಿ ಒಡೆದ. ಚೌಕವನ್ನು ಮೂರು ಬಾರಿ ಅಳೆದ. ನರ್ಸಿಗೆ ಮಾತ್ರ ಕಳಿಸಿದರು. ಹೊಲಿದು ನೋಡಿ ಹೇಳಿ ಎಂದು ಬರೆದರು.

ಉತ್ತರ ಒಂದು ಬೆಳಿಗ್ಗೆ ಬಂತು. ಈ ಸಲ ಗಂಡ ಮೆಟ್ಟಿಲು ಹತ್ತಿ ಬಂದು ಮೊಬೈಲನ್ನು ಅವಳ ಕೈಗೇ ಕೊಟ್ಟ. ಕುತ್ತಿಗೆ ಸರಿ, ಭುಜ ಸರಿ, ಉದ್ದ ಹೇಳಿ ಮಾಡಿಸಿದ ಹಾಗಿದೆ ಎಂದು ಬರೆದಿದ್ದಳು ನರ್ಸು. 'ತೋಳು ಮಾತ್ರ ಎರಡು ಬೆರಳಷ್ಟು ಗಿಡ್ಡ. ನಮ್ಮವಳ ಕೈ ಅವರಪ್ಪನ ಹಾಗೆ ಉದ್ದ, ಅದಕ್ಕಿರಬೇಕು. ನಿಮ್ಮ ಮಗಳಿಗೆ ಸರಿಯಾಗಿದ್ದರೆ ಹಾಗೇ ಬಿಡಿ ಮೇಡಂ, ನಾನು ಇಲ್ಲೇ ಉದ್ದ ಮಾಡಿಕೊಳ್ಳುತ್ತೇನೆ. ಎಂಟನ್ನೂ ಬೇಗ ಮಾಡಿ. ನಿಮ್ಮವಳು ಈಗ ಯಾವ ಕ್ಲಾಸು?'

ನಾನೇ ಏನಾದರೂ ಬರೆದು ಮುಗಿಸಲೇ ಎಂದು ಗಂಡ ಕೇಳಿದ. ಅವಳು ತಲೆಯಾಡಿಸಿ ಬೇಡವೆಂದಳು. ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು, ಒಂದೊಂದೇ ಅಕ್ಷರ ಒತ್ತಿ ಬರೆದಳು. 'ನನ್ನ ಮಗಳು ಆರು ತುಂಬಿದ ಮೇಲೆ ತೀರಿಹೋದಳು. ಏಳನ್ನು ನಾನು ಅಳೆಯಲಿಲ್ಲ, ಅಂದಾಜಿನಲ್ಲಿ ತೆಗೆದೆ. ತೋಳು ತಪ್ಪಿದ್ದು ಅದಕ್ಕೆ. ಅವಳ ತೋಳು ಗಿಡ್ಡವಾಗಿತ್ತು, ನನ್ನ ಕೈ ಅದನ್ನೇ ಬರೆದುಬಿಟ್ಟಿದೆ.'

ಕಳಿಸಿದ ಮೇಲೆ ಅತ್ತ ಕಡೆಯಿಂದ ಏನೂ ಬರಲಿಲ್ಲ. ನೆಲದಡಿಯಲ್ಲಿ ಯಂತ್ರ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಬರೆಯಬಾರದಿತ್ತೇನೋ ಎಂದು ಅವಳಿಗೆ ಅನ್ನಿಸತೊಡಗಿತು. ಪರರ ಮನೆಯ ದುಃಖ ಬೆಳಿಗ್ಗೆಯೇ ಬಂದು ಎದುರು ಕೂತರೆ ಯಾರಿಗಾದರೂ ಏನು ಹೇಳಲು ತೋಚುತ್ತದೆ?

ಆಮೇಲೆ ಸಂದೇಶ ಬಂತು. ಸಮಾಧಾನದ ಮಾತು ಒಂದೂ ಇರಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಆ ಮಾತುಗಳ ಬೆಲೆ ಗೊತ್ತಿರುತ್ತದೆ. 'ನಮ್ಮವಳನ್ನು ಅಳೆದು ಕಳಿಸಲಾ ಮೇಡಂ?' ಎಂದಷ್ಟೇ ಬರೆದಿದ್ದಳು.

ಅವಳು ಆ ಸಾಲನ್ನು ನೋಡುತ್ತ ಕೂತಳು. ಬೇಡವೆಂದರೆ ಏಳು ಹೀಗೇ ಉಳಿಯುತ್ತದೆ, ಗಿಡ್ಡ ತೋಳಿನೊಂದಿಗೆ, ಚೋಟಿಯದಾಗಿ. ತೊಟ್ಟ ಮಕ್ಕಳೆಲ್ಲ ಮಣಿಕಟ್ಟು ಹೊರಗೆ ಬಿಟ್ಟುಕೊಂಡು ಓಡಾಡುತ್ತಾರೆ. ಸರಿಯಾಗಿ ಕೂರದ ಬಟ್ಟೆಯನ್ನು ತನ್ನ ಹೆಸರಿನಲ್ಲಿ ಹೊರಗೆ ಕಳಿಸಿದವಳಲ್ಲ ಅವಳು. ಚೋಟಿಯೂ ಒಪ್ಪುತ್ತಿರಲಿಲ್ಲ, ಕೈ ಎತ್ತಿ ತೋರಿಸಿ, ನೋಡು ಇಲ್ಲಿ ಚಳಿಯಾಗುತ್ತದೆ ಎನ್ನುತ್ತಿದ್ದಳು.

ಅವಳು ಬರೆದಳು. 'ಕಳಿಸಿ. ಅಳೆಯುತ್ತೇನೆ ಎಂದು ಅವಳಿಗೆ ಹೇಳಬೇಡಿ. ಹೇಳಿದರೆ ಉಸಿರು ಬಿಗಿಹಿಡಿದು ಸಿಪಾಯಿಯ ಹಾಗೆ ನಿಲ್ಲುತ್ತಾಳೆ, ಅಳತೆ ತಪ್ಪುತ್ತದೆ. ಏನಾದರೂ ತಿನ್ನಲು ಕೊಡಿ, ಅಥವಾ ಕಥೆ ಹೇಳಲು ಹೇಳಿ. ಮಾತಾಡುವಾಗ ಮಕ್ಕಳು ನಿಜವಾದ ಅಳತೆಯಲ್ಲಿರುತ್ತಾರೆ. ತೋಳನ್ನು ಅಳೆಯುವಾಗ ಮೊಣಕೈ ಸ್ವಲ್ಪ ಮಡಚಿರಲಿ. ಟೇಪು ತಣ್ಣಗಿರುತ್ತದೆ, ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ.'

ಅಳತೆಗಳು ಸಂಜೆಗೆ ಬಂದವು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅವಳು ಮೇಜು ಬಿಡಿಸಿ ಏಳರ ಕಾಗದ ಹಾಸಿದಳು. ಆ ಮಗುವಿನ ಕೈ ಉದ್ದವೇ ಇತ್ತು. ತೋಳಿನ ಕೊನೆಯಿಂದ ಟೇಪು ಹಿಡಿದು ಗುರುತು ಹಾಕಿ ಮುಂದಕ್ಕೆ ಹೊಸ ಗೆರೆ ಎಳೆದಳು. ಹಳೆಯ ಗೆರೆ ಅದರ ಹಿಂದೆ ಉಳಿದಿತ್ತು. ಎರಡು ಗೆರೆಗಳಿದ್ದರೆ ಕೊಂಡವರಿಗೆ ಯಾವುದರ ಮೇಲೆ ಕತ್ತರಿಸಬೇಕೆಂದು ತಿಳಿಯುವುದಿಲ್ಲ. ರಬ್ಬರು ತೆಗೆದುಕೊಂಡು ಹಳೆಯದನ್ನು ಅಳಿಸಿದಳು.